ಪದವಿಗೆ ಮೊದಲು ಒಂದು ಬಿಲ್ ಪುಸ್ತಕ: ಬೆಂಗಳೂರಿನ ಕುಲಪತಿಗಳಿಗೆ ಬಹಿರಂಗ ಪತ್ರ

ಬೆಂಗಳೂರಿನ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ ಮತ್ತು ಉನ್ನತ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಸಭಾಂಗಣಗಳಲ್ಲಿ ವರ್ಷಕ್ಕೊಮ್ಮೆಯಾದರೂ ಉದ್ಯಮಶೀಲತೆಯ ಕಾರ್ಯಕ್ರಮ ನಡೆಯುತ್ತದೆ. ಹೆಸರು ಮಾಡಿದ ಒಬ್ಬ ಉದ್ಯಮಿ ಬರುತ್ತಾರೆ, ಕೆಲಸ ಕೇಳುವವರಾಗಬೇಡಿ ಕೆಲಸ ಕೊಡುವವರಾಗಿ ಎನ್ನುತ್ತಾರೆ, ಮಕ್ಕಳು ಮನಸಾರೆ ಚಪ್ಪಾಳೆ ತಟ್ಟುತ್ತಾರೆ. ಅದೇ ಮಕ್ಕಳು ಪದವಿ ಮುಗಿಸಿ ನಮ್ಮ ಹತ್ತಿರ ಬಂದಾಗ ಕೇಳುವ ಪ್ರಶ್ನೆ ಬೇರೆ. ಬಿಲ್ಲಿನಲ್ಲಿ ಏನೇನು ಬರೆಯಬೇಕು? ಡೆಲಿವರಿ ಚಲನ್ ಬೇರೆ, ಬಿಲ್ ಬೇರೆಯಾ? ಪಾರ್ಟಿ (ಮಾಲು ಕೊಂಡವರು) ದುಡ್ಡು ಕೊಡದಿದ್ದರೆ ಯಾರನ್ನು ಕೇಳಬೇಕು? ಆರು ಸೆಮಿಸ್ಟರ್ ಬಿಕಾಂ ಓದಿದವರೂ ಇದನ್ನು ಕೇಳುತ್ತಾರೆ. ತಪ್ಪು ಅವರದಲ್ಲ. ಲಾಭ ನಷ್ಟದ ಪಟ್ಟಿಯನ್ನು ಅವರು ಪರೀಕ್ಷೆಗೆ ಬರೆದಿದ್ದಾರೆಯೇ ಹೊರತು, ತಮ್ಮ ಕೈಯ ನೂರು ರೂಪಾಯಿ ಎಲ್ಲಿ ಹೋಯಿತೆಂದು ಬರೆದಿಲ್ಲ.

ಪೀಣ್ಯ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರದ ಸಣ್ಣ ಘಟಕಗಳ ಲೆಕ್ಕ ನೋಡುವ, ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ತಯಾರಿಸುವ, ಬಾಕಿ ವಸೂಲಿಯ ಅರ್ಜಿ ಹಾಕುವ ಕೆಲಸ ನಮ್ಮದು. ನಾವು ಕಂಡಂತೆ ಈ ಊರಿನ ಯುವಕ ಯುವತಿಯರಲ್ಲಿ ಹುಮ್ಮಸ್ಸಿಗೂ ಯೋಚನೆಗೂ ಬರವಿಲ್ಲ. ಬರ ಇರುವುದು ಲೆಕ್ಕದ ರೂಢಿಗೆ, ಮತ್ತು ಮೊದಲ ಒಂದೂವರೆ ವರ್ಷ ಉಸಿರು ಹಿಡಿದು ನಿಲ್ಲಲು ಬೇಕಾದ ಆಸರೆಗೆ. ಎರಡನ್ನೂ ವಿಶ್ವವಿದ್ಯಾಲಯ ಕೊಡಬಲ್ಲದು. ಹೇಗೆಂದು ಹೇಳುವ ಮೊದಲು, ಎಲ್ಲಿ ಮುಗ್ಗರಿಸುತ್ತಾರೆ ಎಂಬುದನ್ನು ಅಂಕಿಗಳಲ್ಲೇ ತೋರಿಸುತ್ತೇವೆ.

ಇಬ್ಬರು ಪದವೀಧರರು ಶೇಂಗಾ ಚಟ್ನಿಪುಡಿ ಮಾಡಿ ಬಡಾವಣೆಯ ಅಂಗಡಿಗಳಿಗೆ ಹಾಕಲು ಹೊರಟಿದ್ದಾರೆ ಎನ್ನಿ. ಯಶವಂತಪುರದ ಮಂಡಿಯಿಂದ ಕಿಲೋಗೆ 140 ರೂಪಾಯಿಯಂತೆ 10 ಕಿಲೋ ಕಡಲೆಕಾಯಿ ಬೀಜ ತಂದರೆ 1,400. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿ ಒಂದು ಕಿಲೋ, 350. ಒಟ್ಟು 11 ಕಿಲೋಗೆ 1,750. ಅಂದರೆ 200 ಗ್ರಾಂನ 55 ಪೊಟ್ಟಣ, ಒಂದಕ್ಕೆ 32 ರೂಪಾಯಿ ಅಸಲು, 80 ರೂಪಾಯಿ ಎಂಆರ್‌ಪಿ ಹಾಕಿದರೆ ದುಪ್ಪಟ್ಟಿಗೂ ಮಿಕ್ಕಿ ಬರುತ್ತದೆ. ಸ್ಪರ್ಧೆಗೆ ತರುವ ಸ್ಲೈಡುಗಳಲ್ಲಿ ಲೆಕ್ಕ ಇಲ್ಲಿಗೇ ಮುಗಿದಿರುತ್ತದೆ.

ಒಲೆಯ ಮುಂದೆ ನಿಂತರೆ ಲೆಕ್ಕ ಬೇರೆಯಾಗುತ್ತದೆ. ಹುರಿದಾಗ ಬೀಜದ ನೀರಂಶ ಹೋಗುತ್ತದೆ, ಉಜ್ಜಿ ತೂರಿದಾಗ ಸಿಪ್ಪೆ ಹೋಗುತ್ತದೆ. 10 ಕಿಲೋ ಹೆಚ್ಚುಕಡಿಮೆ 9ಕ್ಕೆ ಇಳಿಯುತ್ತದೆ. ಮಿಕ್ಸಿಯ ಜಾರಿಗೆ, ಪಾತ್ರೆಗೆ ಅಂಟಿ ಇನ್ನೊಂದು 200 ಗ್ರಾಂ ಹೋಯಿತು. ಮಸಾಲೆಯ ಒಂದು ಕಿಲೋ ಸೇರಿಸಿದರೆ ಉಳಿದದ್ದು 9.8 ಕಿಲೋ, ಅಂದರೆ 49 ಪೊಟ್ಟಣ. ಗ್ಯಾಸು, ಕರೆಂಟು 150. ಪೌಚು, ಲೇಬಲ್ ತಲಾ 7 ರೂಪಾಯಿಯಂತೆ 343. ಇಬ್ಬರು ಐದೈದು ಗಂಟೆ ದುಡಿದದ್ದಕ್ಕೆ ಗಂಟೆಗೆ 80ರಂತೆ 800. ಸಾಮಗ್ರಿಯ 1,750 ಸೇರಿ ಒಟ್ಟು ಖರ್ಚು 3,043, ಪೊಟ್ಟಣಕ್ಕೆ 62. ಅಂಗಡಿಯವರು ಎಂಆರ್‌ಪಿಯಲ್ಲಿ 20 ಶೇಕಡಾ ಇಟ್ಟುಕೊಂಡರೆ ಕೈಗೆ ಬರುವುದು 64. ನಾಲ್ಕು ಪೊಟ್ಟಣ ವಾಪಸ್ ಬಂದವೆಂದರೆ 45 ಪೊಟ್ಟಣಕ್ಕೆ 2,880. ಬ್ಯಾಚಿಗೆ 163 ರೂಪಾಯಿ ನಷ್ಟ, ಅದೂ ಬಾಡಿಗೆ, ಪೆಟ್ರೋಲು ಹಿಡಿಯದೆ.

ಇನ್ನೂ ಅಪಾಯದ ವಿಷಯವೆಂದರೆ, ತಮ್ಮ ಕೂಲಿಯ 800 ರೂಪಾಯಿ ಬಿಟ್ಟು ಲೆಕ್ಕ ಹಾಕಿದರೆ ಇದೇ ಬ್ಯಾಚು 637 ರೂಪಾಯಿ ಲಾಭವಾಗಿ ಕಾಣುತ್ತದೆ. ಬಹುಪಾಲು ಹೊಸಬರು ಮಾಡುವುದು ಇದನ್ನೇ. ಆರು ತಿಂಗಳು ಲಾಭವಿದೆ ಎಂದುಕೊಂಡೇ ದುಡಿಯುತ್ತಾರೆ. ಆರ್ಡರು ಹೆಚ್ಚಾಗಿ ಒಬ್ಬ ಸಹಾಯಕಿಯನ್ನು ಇಟ್ಟುಕೊಂಡ ತಿಂಗಳಿನಿಂದ ಕೈ ಕಚ್ಚತೊಡಗುತ್ತದೆ, ಏಕೆಂದು ತಿಳಿಯುವುದಿಲ್ಲ. ಎಂಆರ್‌ಪಿ 100 ಇಟ್ಟಿದ್ದರೆ ಅದೇ 45 ಪೊಟ್ಟಣಕ್ಕೆ 3,600 ಬಂದು, ಕೂಲಿ ಕಳೆದೂ 557 ಉಳಿಯುತ್ತಿತ್ತು. ನೂರಕ್ಕೆ ಹೋಗುತ್ತದೋ ಇಲ್ಲವೋ ಎಂಬುದು ಹತ್ತು ಅಂಗಡಿ ಹತ್ತಿಳಿದರೆ ಗೊತ್ತಾಗುತ್ತದೆ. ಮಾರುಕಟ್ಟೆ ಸಮೀಕ್ಷೆಯ ಗೂಗಲ್ ಫಾರ್ಮಿನಿಂದ ಗೊತ್ತಾಗುವುದಿಲ್ಲ.

ಆ ನಾಲ್ಕು ಪೊಟ್ಟಣ ವಾಪಸ್ ಬಂದದ್ದು ಯಾಕೆ? ಪುಡಿ ಪೂರ್ತಿ ಆರುವ ಮೊದಲೇ ತುಂಬಿ ಸೀಲ್ ಮಾಡಿದರೆ ಪೌಚಿನೊಳಗೆ ಬೆವರುತ್ತದೆ. ಬೆಳ್ಳುಳ್ಳಿ, ಹುಣಸೆಯಲ್ಲಿ ಹಸಿ ಉಳಿದಿದ್ದರೂ ಅಷ್ಟೇ. ತೇವ ಸೇರಿದ ಪುಡಿ ಗಂಟು ಕಟ್ಟುತ್ತದೆ, ಗಾಳಿಯಾಡುವ ಅಗ್ಗದ ಪೌಚಾದರೆ ಶೇಂಗಾ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಲೇಬಲ್ ಮೇಲೆ ತಯಾರಕರ ಪೂರ್ತಿ ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಿಸಿದ ತಿಂಗಳು ಮತ್ತು ವರ್ಷ, ಗ್ರಾಹಕರು ಕರೆ ಮಾಡಬೇಕಾದ ನಂಬರು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಶೇಂಗಾ ಇದೆ ಎಂಬ ಅಲರ್ಜಿ ಸೂಚನೆ ಇರಲೇಬೇಕು. ಒಂದು ಬಿಟ್ಟುಹೋದರೂ ಅವೆನ್ಯೂ ರಸ್ತೆಯಲ್ಲಿ ಮುದ್ರಿಸಿದ ಐದು ಸಾವಿರ ಲೇಬಲ್ ರದ್ದಿಗೆ ಹೋಗುತ್ತದೆ. ಮೊದಲ ಸಲ ಐನೂರಕ್ಕಿಂತ ಹೆಚ್ಚು ಮುದ್ರಿಸಬಾರದೆಂದು ಹೇಳಿಕೊಡುವ ಒಬ್ಬ ಮೇಷ್ಟ್ರು ಕಾಲೇಜಿನಲ್ಲಿದ್ದರೆ ಸಾಕು.

ಎಂಜಿನಿಯರಿಂಗ್ ಓದಿದವರು ಮುಳುಗುವ ಗುಂಡಿ ಇದಲ್ಲ, ಅದು ದಿನಗಳ ಲೆಕ್ಕದ್ದು. ಲೇತ್, ಡ್ರಿಲ್ಲಿಂಗ್ ಮಷೀನು ಇಟ್ಟುಕೊಂಡು ಸ್ವಂತ ಮೆಟೀರಿಯಲ್ ಹಾಕಿ ಪಾರ್ಟ್ಸ್ ಮಾಡಿಕೊಡುವ ಘಟಕವೊಂದಕ್ಕೆ ಸ್ಟೀಲು ಬರಲು 5 ದಿನ, ಮಷೀನಿಂಗ್ 12 ದಿನ, ಹೊರಗೆ ಪ್ಲೇಟಿಂಗ್‌ಗೆ ಕೊಟ್ಟು ತರಲು 3 ದಿನ, ಪಾರ್ಟಿಯ ಸ್ಟೋರ್ಸಿನಲ್ಲಿ ತಪಾಸಣೆ ಮುಗಿದು ಮಾಲು ಸೇರಿತೆಂಬ ರಸೀದಿ, ಅಂದರೆ ಜಿಆರ್‌ಎನ್ ಬೀಳಲು 5 ದಿನ, ಅಲ್ಲಿಂದ 60 ದಿನ ಉದ್ದರಿ. ಒಟ್ಟು 85 ದಿನ. ತಿಂಗಳ ಖರ್ಚು ಒಂದೂವರೆ ಲಕ್ಷವಾದರೆ ದಿನಕ್ಕೆ 5,000. ಮೊದಲ ಚೆಕ್ಕು ಕೈಗೆ ಬರುವ ಹೊತ್ತಿಗೆ 4,25,000 ರೂಪಾಯಿ ಹೊರಗೆ ಹೋಗಿರುತ್ತದೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ದುಡಿಯುವ ಬಂಡವಾಳವೆಂದು ತೋರಿಸಿರುವುದು ಸಾಮಾನ್ಯವಾಗಿ ಒಂದು ತಿಂಗಳದ್ದು, ಒಂದೂವರೆ ಲಕ್ಷ. ನಡುವಿನ 2,75,000 ಅಮ್ಮನ ಬಳೆ, ಕೂಗಿ ಎತ್ತಿದ ಚೀಟಿ, ಕ್ರೆಡಿಟ್ ಕಾರ್ಡಿನಿಂದ ಬರುತ್ತದೆ. ಆರ್ಡರು ಕೈತುಂಬ ಇದ್ದೇ ಬಾಗಿಲು ಮುಚ್ಚಿದ ಘಟಕಗಳ ಕಥೆ ಇದೇ.

ಜಿಎಸ್‌ಟಿ ಇದರ ಮೇಲೆ ಬರುತ್ತದೆ. 2 ಲಕ್ಷದ ಬಿಲ್ಲಿಗೆ 18 ಶೇಕಡಾದಂತೆ 36,000. ತಿಂಗಳ ರಿಟರ್ನ್ ಹಾಕುವವರು, ಖರೀದಿಯ ಮೇಲಿನ ಕ್ರೆಡಿಟ್ ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು, ಪಾರ್ಟಿ ದುಡ್ಡು ಕೊಟ್ಟಿರಲಿ ಬಿಡಲಿ. ಕರ್ನಾಟಕದಲ್ಲಿ ಸರಕಿನ ವ್ಯಾಪಾರಕ್ಕೆ ವಾರ್ಷಿಕ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ಹೊಸೂರಿನ ಪಾರ್ಟಿಗೆ ಒಂದೇ ಒಂದು ಲೋಡ್ ಮಾಲು ಮಾರಿದರೂ ಅದು ಅಂತರರಾಜ್ಯ ಮಾರಾಟ, ನೋಂದಣಿ ಬೇಕು. ಅತ್ತಿಬೆಲೆ ದಾಟಿದರೆ ತಮಿಳುನಾಡು ಎಂಬುದು ಬಸ್ಸಿನಲ್ಲಿ ಓಡಾಡುವಾಗ ನೆನಪಿರುತ್ತದೆ, ಕೊಟೇಷನ್ ಬರೆಯುವಾಗ ಇರುವುದಿಲ್ಲ.

ಉದ್ದರಿಯ ವಿಷಯದಲ್ಲಿ ಕಾನೂನು ಸಣ್ಣವರ ಪರವಾಗಿದೆ, ಅದನ್ನು ಬಳಸಲು ಕಲಿಸುವವರಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಘಟಕದ ಬಾಕಿಯನ್ನು ಬರಹದ ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಕರಾರಿದ್ದರೂ ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರ್ಕಾರದ ಆನ್‌ಲೈನ್ ಪೋರ್ಟಲಿನಲ್ಲಿ ದೂರು ಹಾಕಬಹುದು. ಆದರೆ ಪಾರ್ಟಿ ತಪ್ಪಿಹೋಗುತ್ತದೆಂಬ ಭಯಕ್ಕೆ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ. ಅದಕ್ಕೇ ಮೊದಲೇ ಮಾಡಬೇಕಾದ ಕೆಲಸಗಳು ಮುಖ್ಯ. ಸಣ್ಣ ಘಟಕವೆಂದು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿ ಮಾಲು ಕೊಡುವ ಮುನ್ನವೇ ಆಗಿರಬೇಕು; ಆಮೇಲೆ ಮಾಡಿಸಿದರೆ ತಕರಾರಿಗೆ ದಾರಿ. ಅದು ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳ ನಕಲಿ ಜಾಲತಾಣಗಳಿಗೆ ಬೀಳಬಾರದು. ಉದ್ಯಮ್ ಸಂಖ್ಯೆ ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಿರಬೇಕು. ಬಿಲ್ಲಿನಲ್ಲಿ ಪಿಒ (ಖರೀದಿ ಆದೇಶ) ನಂಬರು, ಐಟಂ ಕೋಡು ಪಿಒದಲ್ಲಿ ಇರುವಂತೆಯೇ ಇರಬೇಕು, ಏಕೆಂದರೆ ಎಷ್ಟೋ ಬಾಕಿಗಳು ನಿಲ್ಲುವುದು ದುರುದ್ದೇಶದಿಂದಲ್ಲ, ಒಂದು ಅಂಕಿ ತಾಳೆಯಾಗದೆ ಬಿಲ್ಲು ಅಕೌಂಟ್ಸ್ ವಿಭಾಗದ ಮೇಜಿನ ಮೇಲೆ ಬಿದ್ದಿರುವುದರಿಂದ. ಹತ್ತನೇ ದಿನ ಜಿಆರ್‌ಎನ್ ಪ್ರತಿ ಕೇಳಿ ಪಡೆಯಬೇಕು, ಮೂವತ್ತನೇ ದಿನ ಇಮೇಲ್ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಕಿವಿಮಾತೆಂದರೆ, ಮೊದಲ ಮೂರು ನಾಲ್ಕು ಆರ್ಡರುಗಳನ್ನು ಪಾರ್ಟಿಯ ಮೆಟೀರಿಯಲ್ ಮೇಲೆ ಬರೀ ಲೇಬರ್ ಚಾರ್ಜಿಗೆ ಒಪ್ಪಿಕೊಳ್ಳಬೇಕು. ಲಾಭ ಕಡಿಮೆ, ಆದರೆ ಸ್ಟೀಲಿನ ದುಡ್ಡು ನಮ್ಮದಲ್ಲ.

ಶೆಡ್ಡು ನೋಡುವಾಗ ಮೊದಲು ನೋಡಬೇಕಾದ್ದು ಮೀಟರು. 3 ಎಚ್‌ಪಿ ಲೇತ್, 2 ಎಚ್‌ಪಿ ಕಂಪ್ರೆಸರ್, 1 ಎಚ್‌ಪಿ ಗ್ರೈಂಡರ್ ಸೇರಿದರೆ ನಾಲ್ಕೂವರೆ ಕಿಲೋವ್ಯಾಟ್. ಶೆಡ್ಡಿಗೆ ಮಂಜೂರಾಗಿರುವುದು 2 ಕಿಲೋವ್ಯಾಟ್ ಸಿಂಗಲ್ ಫೇಸ್ ಎಂದಾದರೆ ಲೋಡ್ ಹೆಚ್ಚಿಸುವ ಅರ್ಜಿಗೆ ಕಟ್ಟಡದ ಮಾಲೀಕರ ಸಹಿ ಬೇಕು, ಠೇವಣಿ ಅವರ ವಿದ್ಯುತ್ ಖಾತೆಯ ಆರ್‌ಆರ್ ನಂಬರಿಗೆ ಹೋಗುತ್ತದೆ. ಅಡ್ವಾನ್ಸ್ ಕೊಟ್ಟ ಮೇಲೆ ಇದನ್ನು ಮಾತಾಡಿದರೆ ಕೇಳುವವರಿಲ್ಲ.

ಸಾಲದ ವಿಷಯಕ್ಕೆ ಬಂದರೆ, ಯೋಜನೆಗಳ ಹೆಸರು ಎಲ್ಲರಿಗೂ ಗೊತ್ತು, ಒಳಗಿನ ಷರತ್ತು ಗೊತ್ತಿಲ್ಲ. ಅಡಮಾನವಿಲ್ಲದ ಮುದ್ರಾ ಸಾಲದಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ; ತರುಣ್ ತೀರಿಸಿದವರಿಗಷ್ಟೇ 20 ಲಕ್ಷದವರೆಗೆ. ಅಡಮಾನ ಬೇಡ ಎಂದರೆ ಪರಿಶೀಲನೆ ಬೇಡ ಎಂದಲ್ಲ. ಬ್ಯಾಂಕ್ ಮ್ಯಾನೇಜರು ಬಾಡಿಗೆ ಕರಾರು, ಮಷೀನಿನ ಕೊಟೇಷನ್, ಖಾತೆಯ ವಹಿವಾಟು, ಸಿಬಿಲ್ ಸ್ಕೋರ್ ನೋಡಿಯೇ ನೋಡುತ್ತಾರೆ. ಶಿಕ್ಷಣ ಸಾಲದ ಎರಡು ಕಂತು ತಪ್ಪಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಓದು ಮುಗಿದು ಸುಮಾರು ಒಂದು ವರ್ಷಕ್ಕೆ ಆ ಕಂತು ಶುರುವಾಗುತ್ತದೆ, ಅಂದರೆ ಹೊಸ ಘಟಕ ಇನ್ನೂ ಅಂಬೆಗಾಲಿಡುತ್ತಿರುವಾಗ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಬರೆದು ಮುಂದೂಡಿಕೆ ಕೇಳಬೇಕೆಂದು ಮಕ್ಕಳಿಗೆ ಪದವಿ ಪ್ರಮಾಣಪತ್ರದ ಜೊತೆಗೇ ಹೇಳಿಕಳಿಸಬೇಕು.

ಸಹಾಯಧನವಿರುವ ಕೇಂದ್ರದ ಸಾಲ ಯೋಜನೆ ಪಿಎಂಇಜಿಪಿಯಲ್ಲಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಅವಕಾಶವಿದೆ. ನಗರದಲ್ಲಿ ಸಾಮಾನ್ಯ ವರ್ಗಕ್ಕೆ 15 ಶೇಕಡಾ, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಮೊದಲಾದವರಿಗೆ 25 ಶೇಕಡಾ ಸಹಾಯಧನ. ಹಳ್ಳಿಯಲ್ಲಿ ಅದು 25 ಮತ್ತು 35. ನೆಲಮಂಗಲದಾಚೆಯ ಸ್ವಂತ ಊರಿನಲ್ಲಿ ಘಟಕ ಹಾಕಿದರೆ ಲಾಭವೆಷ್ಟು ಎಂದು ಯಾರೂ ಕೂತು ಲೆಕ್ಕ ಹಾಕುವುದಿಲ್ಲ. ಸಹಾಯಧನ ಕೈಗೆ ಬರುವ ನಗದಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಖಾತರಿಯಾದ ಮೇಲೆ ಸಾಲಕ್ಕೆ ವಜಾ ಆಗುತ್ತದೆ. ಇನ್ನೊಂದು ಷರತ್ತು ಬಹಳ ಮಂದಿಯನ್ನು ಕೆಡವಿದೆ: ಈ ಯೋಜನೆಯ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಹುರುಪಿನಲ್ಲಿ ತಮ್ಮ ಹೆಸರಲ್ಲಿ ವ್ಯಾಪಾರ ಶುರುಮಾಡಿ, ಆಮೇಲೆ ಅರ್ಜಿ ಹಾಕಿದವರು ಅನರ್ಹರಾಗುತ್ತಾರೆ. ನೋಂದಣಿ ಮೊದಲೋ, ಅರ್ಜಿ ಮೊದಲೋ ಎಂಬ ಒಂದು ಪ್ರಶ್ನೆಗೆ ಕಾಲೇಜಿನಲ್ಲಿ ಉತ್ತರ ಸಿಕ್ಕಿದ್ದರೆ ಎಷ್ಟೋ ಮನೆಗಳಿಗೆ ಲಕ್ಷಗಟ್ಟಲೆ ಉಳಿಯುತ್ತಿತ್ತು.

ಕಂಪನಿಯ ವಿಷಯ ಚುಟುಕಾಗಿ. ಕಾರ್ಡಿನ ಮೇಲೆ ಡೈರೆಕ್ಟರ್ ಎಂದು ಬರೆಯುವ ಆಸೆಗೆ ಪ್ರೈವೇಟ್ ಲಿಮಿಟೆಡ್ ಮಾಡಿಸಬಾರದು. ಒಂದು ರೂಪಾಯಿ ವಹಿವಾಟಿಲ್ಲದಿದ್ದರೂ ವರ್ಷವರ್ಷ ಆಡಿಟ್ ಆಗಬೇಕು, ವಾರ್ಷಿಕ ಫಾರಂ ತಡವಾದರೆ ಫಾರಂಗೆ ದಿನಕ್ಕೆ 100 ರೂಪಾಯಿ. ಹೊರಗಿನ ಹೂಡಿಕೆ ಬರುವುದಿದ್ದರೆ ಕಂಪನಿ ಸರಿ. ಚಟ್ನಿಪುಡಿಗೂ ಲೇತಿಗೂ ಏಕಮಾಲೀಕತ್ವವೋ ಪಾಲುದಾರಿಕೆಯೋ ಸಾಕು. ಗೆಳೆಯರು ಸೇರಿದ್ದರೆ ಪಾಲುಪತ್ರ ಬರೆದು ನೋಂದಾಯಿಸಲಿ. ನೋಂದಣಿಯಿಲ್ಲದ ಪಾಲುದಾರಿಕೆ ಸಂಸ್ಥೆ ಬಾಕಿ ವಸೂಲಿಗೆ ಕೋರ್ಟಿನಲ್ಲಿ ದಾವೆ ಹೂಡಲಾಗದು.

ಇನ್ನು ನಮ್ಮ ಕೋರಿಕೆ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಆ ಆರು ಸೆಮಿಸ್ಟರುಗಳಲ್ಲಿ ಕೊನೆಯ ಮೂರರಲ್ಲಿ, ವಾರಕ್ಕೆ ಎರಡು ಗಂಟೆ, ಇಷ್ಟಪಟ್ಟು ಬರುವವರಿಗೆ ಮಾತ್ರ ಒಂದು ಪ್ರಾಯೋಗಿಕ ವಿಷಯವಿಡಿ. ನಾಲ್ಕನೇ ಸೆಮಿಸ್ಟರಿನಲ್ಲಿ ತೂಕ, ಅಸಲು, ಬಿಲ್ಲು, ಚಲನ್. ಐದರಲ್ಲಿ ಮೂವರ ತಂಡಕ್ಕೆ 10,000 ರೂಪಾಯಿ ಸುತ್ತುನಿಧಿ ಕೊಟ್ಟು ನಿಜವಾದ ಗಿರಾಕಿಗೆ ನಿಜವಾದ ಮಾರಾಟ. ಆರರಲ್ಲಿ ಲೆಕ್ಕ ಮುಕ್ತಾಯ. ಅಂಕ ಕೊಡಬೇಕಾದ್ದು ಲಾಭಕ್ಕಲ್ಲ, ಲೆಕ್ಕದ ಪುಸ್ತಕ ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆಯಾಗುವುದಕ್ಕೆ. ನಷ್ಟವಾದ ತಂಡ ಎಲ್ಲಿ ನಷ್ಟವಾಯಿತೆಂದು ತೋರಿಸಿದರೆ ಪೂರ್ತಿ ಅಂಕ ಸಿಗಬೇಕು. ಇಪ್ಪತ್ತು ತಂಡಗಳಿಗೆ ಒಟ್ಟು 2 ಲಕ್ಷ. ಬಹುಪಾಲು ಮರಳಿ ಬರುತ್ತದೆ. ಒಂದು ಎಚ್ಚರಿಕೆ: ಈ ಬಿಲ್ಲುಗಳೆಲ್ಲ ಕಾಲೇಜಿನ ಉದ್ಯಮ ಕೋಶದ ಹೆಸರಿನಲ್ಲಿರಲಿ, ವಿದ್ಯಾರ್ಥಿಯ ಹೆಸರಿನಲ್ಲಿ ಬೇಡ. ಇಲ್ಲದಿದ್ದರೆ ಮೇಲೆ ಹೇಳಿದ ಹೊಸ ಘಟಕದ ಷರತ್ತಿಗೆ ನಾವೇ ಅವರನ್ನು ಸಿಕ್ಕಿಸಿದಂತಾಗುತ್ತದೆ.

ಮೊದಲ ಗಿರಾಕಿ ನೀವೇ ಆಗಿ. ಲ್ಯಾಬ್ ಕೋಟು, ಪ್ರಾಯೋಗಿಕ ಪುಸ್ತಕದ ಮುದ್ರಣ, ಕ್ಯಾಂಟೀನಿನ ತಿಂಡಿ, ವಿಭಾಗದ ಜಾಲತಾಣ, ಗಿಡಗಳ ಸಸಿ ಎಲ್ಲವನ್ನೂ ಹೊರಗಿಂದ ಕೊಳ್ಳುತ್ತೀರಿ. ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆಯ ಚೌಕಟ್ಟಿನೊಳಗೇ, ಸಣ್ಣ ಮೊತ್ತದ ಖರೀದಿಯಲ್ಲಿ ಮೂರು ವರ್ಷದ ಅನುಭವ ಬೇಕೆಂಬ ಷರತ್ತನ್ನು ಹಳೆಯ ವಿದ್ಯಾರ್ಥಿಗಳ ಘಟಕಗಳಿಗೆ ಸಡಿಲಿಸಲು ಸಾಧ್ಯವೇ ಎಂದು ನಿಮ್ಮ ಹಣಕಾಸು ಅಧಿಕಾರಿಗಳೊಂದಿಗೆ ಕೂತು ನೋಡಿ. ಮತ್ತು 45 ದಿನದೊಳಗೆ ದುಡ್ಡು ಕೊಡಿ. ಬಾಕಿ ಉಳಿಸಿಕೊಳ್ಳುವ ಸಂಸ್ಥೆಯಲ್ಲಿ ಉದ್ಯಮಶೀಲತೆಯ ಪಾಠ ಮಕ್ಕಳ ತಲೆಗೆ ಹೋಗುವುದಿಲ್ಲ.

ವಿದ್ಯಾರ್ಥಿಗಳು ಸಂಸ್ಥೆಯ ಪ್ರಯೋಗಾಲಯ ಬಳಸಲು, ಉದ್ಯಮಕ್ಕಾಗಿ ಓದಿಗೆ ಬಿಡುವು ಪಡೆಯಲು 2019ರ ರಾಷ್ಟ್ರೀಯ ನವೋದ್ಯಮ ನೀತಿ ದಾರಿ ಮಾಡಿಕೊಟ್ಟಿದೆ. ಸಂಜೆ ಐದಕ್ಕೆ ಬೀಗ ಬೀಳುವ ವರ್ಕ್‌ಶಾಪನ್ನು ಎಂಟರವರೆಗೆ ತೆರೆದಿಡಲು ಬೇಕಿರುವುದು ಒಬ್ಬ ಇನ್‌ಸ್ಟ್ರಕ್ಟರು, ಒಂದು ಹಾಜರಿ ಪುಸ್ತಕ, ಒಂದು ಸುರಕ್ಷತಾ ನಿಯಮಾವಳಿ.

ಇಲಾಖೆಯವರಲ್ಲಿ ಒಂದು ಮುಖ್ಯ ಮನವಿ. ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಸರ್ಕಾರ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಸರ್ಕಾರದ ಯೋಜನೆಯಲ್ಲಿ ಅಥವಾ ಬ್ಯಾಂಕ್ ಸಾಲದಿಂದ ಸ್ವಯಂ ಉದ್ಯೋಗ ಶುರುಮಾಡಿದವರು ಅದಕ್ಕೆ ಅರ್ಹರಲ್ಲ. ಸಾಲ ಮಂಜೂರಾದ ತಿಂಗಳಲ್ಲಿ ಅವರ ಕೈಯಲ್ಲಿ ಆದಾಯವಿರುವುದಿಲ್ಲ, 85 ದಿನದ ಕಾಯುವಿಕೆ ಇರುತ್ತದೆ. ಉದ್ಯಮ್ ಸಂಖ್ಯೆ ಮತ್ತು ಸಾಲ ಮಂಜೂರಾತಿ ಪತ್ರ ತೋರಿಸಿದವರಿಗೆ ಇನ್ನೊಂದು ಹನ್ನೆರಡು ತಿಂಗಳು ಆ ಹಣ ನಿಲ್ಲದಂತೆ ನಿಯಮ ಬದಲಿಸಲು ಸರ್ಕಾರಕ್ಕೆ ಶಿಫಾರಸು ಮಾಡಿ. 36,000 ರೂಪಾಯಿ ದೊಡ್ಡ ಮೊತ್ತವಲ್ಲ, ಆದರೆ ಮನೆಯಲ್ಲಿ "ಇನ್ನೆಷ್ಟು ದಿನ ಹೀಗೆ?" ಎಂಬ ಪ್ರಶ್ನೆ ಏಳುವ ಹೊತ್ತಿಗೆ ಬಸ್ಸಿಗೆ, ಫೋನಿಗೆ, ಪೆಟ್ರೋಲಿಗೆ ಸಾಕಾಗುವ ಹಣ.

ಎಲ್ಲ ಪದವೀಧರರೂ ಉದ್ಯಮಿಗಳಾಗಬೇಕೆಂದು ನಾವು ಹೇಳುತ್ತಿಲ್ಲ. ಮನೆಯಲ್ಲಿ ಬಡ್ಡಿಸಾಲ ತುಂಬಿದ್ದರೆ, ಆಸ್ಪತ್ರೆ ಖರ್ಚಿದ್ದರೆ, ಮೊದಲು ಎರಡು ವರ್ಷ ಅದೇ ಕಸುಬಿನ ಘಟಕದಲ್ಲಿ ಸಂಬಳಕ್ಕೆ ದುಡಿಯಲಿ. ಸಪ್ಲೈಯರ್ ಯಾರು, ಪಾರ್ಟಿ ಹೇಗೆ, ರಿಜೆಕ್ಷನ್ ಎಲ್ಲಿ ಬೀಳುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಆ ಎರಡು ವರ್ಷದ ನಂತರ ಬರುವವರಿಗೂ ನಿಮ್ಮ ವರ್ಕ್‌ಶಾಪ್, ನಿಮ್ಮ ಕೋಶದ ಬಾಗಿಲು ತೆರೆದಿರಲಿ.

ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಸಿದ್ಧವಾಗುವಾಗ ಶುಕ್ರವಾರ ಮಧ್ಯಾಹ್ನದ ಎರಡು ಪೀರಿಯಡ್ ಖಾಲಿ ಬಿಡಿ. ಒಂದು ತಕ್ಕಡಿ, ಒಂದು ಬಿಲ್ ಪುಸ್ತಕ, ಕಾರ್ಬನ್ ಹಾಳೆ, ಹಳೆಯ ಪಿಒಗಳ ನಕಲು ನಾವು ತರುತ್ತೇವೆ. ಪಾಠಕ್ಕೆ ಸಂಭಾವನೆ ಬೇಡ. ಯಾವ ಕಾಲೇಜಿನಿಂದ ಶುರು ಮಾಡಬೇಕೆಂದು ಮಾತ್ರ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಸಣ್ಣ ಉದ್ದಿಮೆಗಳ ಲೆಕ್ಕ, ಸಾಲ ಮತ್ತು ವಸೂಲಿ ಕೆಲಸದಲ್ಲಿರುವವರು,
ಬೆಂಗಳೂರು